ಕೆಳಗಿನ ರೂಮಿನ ಸಾಮಾನು

ವಿಮಲಮ್ಮ ಮೆಟ್ಟಿಲು ಇಳಿಯುವುದನ್ನು ಬಿಟ್ಟು ಒಂದು ಬೇಸಿಗೆಯೇ ಕಳೆದುಹೋಗಿತ್ತು. ಎರಡೂ ಮಂಡಿ ಸವೆದಿವೆ ಎಂದು ಡಾಕ್ಟರು ಹೇಳಿದ ಮೇಲೆ ಗೋವಿಂದರಾಜನಗರದ ಆ ಮನೆಯ ಮಹಡಿಯಲ್ಲೇ ಅವಳಿಗೆ ಬೆಳಗಾಗಿ ಅಲ್ಲೇ ದಿನ ಮುಗಿಯುತ್ತಿತ್ತು. ಸೊಪ್ಪಿನ ದಾನಮ್ಮ ಬೀದಿಯಲ್ಲಿ ಕೂಗಿದರೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದಳು. ದುಡ್ಡು ಕೆಳಗಿಳಿದು ದಂಟಿನ ಸೊಪ್ಪು ಮೇಲೆ ಬರುತ್ತಿತ್ತು. ಅಕ್ಕಪಕ್ಕದವರ ಜೊತೆ ಮಾತು ಏನಿದ್ದರೂ ಕಂಬಿಗೆ ಒರಗಿ ನಿಂತು, ಗಂಟಲು ಏರಿಸಿ.

ಕೆಳಗಡೆ ಒಂದು ರೂಮಿತ್ತು. ಬಚ್ಚಲು, ಕಕ್ಕಸು ಎಲ್ಲ ಒಳಗೇ ಇದ್ದ ಒಳ್ಳೆಯ ರೂಮು, ಹಿಂದೆ ಬಾಡಿಗೆಗೆ ಕೊಡುತ್ತಿದ್ದದ್ದು. ಈಗ ಅದರ ತುಂಬ ಗಂಡ ಮರಿಯಪ್ಪನ ಸಾಮಾನು. ಮರಿಯಪ್ಪ ರೇಡಿಯೋ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ದುಡಿದವನು. ಕಾರ್ಖಾನೆ ಮುಚ್ಚಿದಾಗ ಹರಾಜಿನಲ್ಲಿ ಹಳೆಯ ಯಂತ್ರಗಳ ಒಂದು ಲಾಟನ್ನು ಮನೆಗೆ ತಂದ. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಭಾನುವಾರದ ಗುಜರಿ ಸಂತೆ, ಕಾಲೇಜುಗಳು ಲ್ಯಾಬಿನಿಂದ ಹೊರಗೆ ಹಾಕಿದ ಸಾಮಾನು, ಮುಚ್ಚಿದ ರಿಪೇರಿ ಅಂಗಡಿಗಳು, ಎಲ್ಲಿಂದಲೋ ಏನೋ ಬರುತ್ತಲೇ ಇತ್ತು. ಅಲೆಗಳನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪು, ಸಿಗ್ನಲ್ ಜನರೇಟರು, ಮುಳ್ಳಿನ ಮೀಟರುಗಳು, ಟ್ರಾನ್ಸ್‌ಫಾರ್ಮರುಗಳು, ರಟ್ಟಿನ ಡಬ್ಬಿಗಳಲ್ಲಿ ಸಾಲಾಗಿ ಹಳೆಯ ರೇಡಿಯೋಗಳ ಗಾಜಿನ ವಾಲ್ವುಗಳು. ಕೆಟ್ಟದ್ದನ್ನು ಬಿಚ್ಚುತ್ತಿದ್ದ, ಒಳ್ಳೆಯ ಭಾಗ ತೆಗೆದು ಇನ್ನೊಂದಕ್ಕೆ ಹಾಕುತ್ತಿದ್ದ, ಓಡಿಸಿ ನೋಡುತ್ತಿದ್ದ. ಅಪರೂಪಕ್ಕೆ ಯಾರಾದರೂ ಹುಡುಕಿಕೊಂಡು ಬಂದು ಒಂದೆರಡು ಕೊಳ್ಳುತ್ತಿದ್ದರು. ಮಿಕ್ಕದ್ದು ಗೋಡೆಯ ಎತ್ತರಕ್ಕೆ ಬೆಳೆದಿತ್ತು.

ಮಾತು ತೆಗೆದವಳು ಸೊಸೆ ರಮ್ಯ. ಬಸವೇಶ್ವರನಗರದ ಒಂದು ಸ್ಕೂಲಿನ ಆಫೀಸಿನಲ್ಲಿ ಕೆಲಸ ಅವಳಿಗೆ. ಸಂಜೆ ಬಂದು ಮುದ್ದೆ ತಿರುವಿ, ಬಸ್ಸಾರು ಬಡಿಸಿ, ತಾನೂ ತಟ್ಟೆ ಹಾಕಿಕೊಂಡು ಕೂತ ಮೇಲೆ ಹೇಳಿದಳು.

"ಮಾವ, ಕೆಳಗಿನ ರೂಮು ಖಾಲಿ ಮಾಡಿದ್ರೆ ಅತ್ತೆ ಅಲ್ಲಿರಬಹುದಿತ್ತು. ಬೀದಿಗೆ ನಾಲ್ಕು ಹೆಜ್ಜೆ ಇಡಬಹುದಿತ್ತು."

"ಮಾಡಣಮ್ಮ. ಶ್ರಾವಣ ಕಳೀಲಿ."

"ಯುಗಾದಿಗೂ ಇದೇ ಅಂದಿದ್ರಿ."

"ಒಂದೊಂದನ್ನೂ ನೋಡಿ ತೆಗೀಬೇಕು ಕಣಮ್ಮ. ಯಾವುದಕ್ಕೆ ಬೆಲೆ ಇದೆ, ಯಾವುದಕ್ಕಿಲ್ಲ ಅಂತ ನೋಡ್ದೆ ಹೆಂಗೆ ಎಸೆಯೋದು?"

ಮಗ ಮಧುಕುಮಾರ್ ತಲೆ ಎತ್ತದೆ ಹೇಳಿದ. "ನಾನು ಐದ್ನೇ ಕ್ಲಾಸಲ್ಲಿದ್ದಾಗಿಂದ ಬೆಲೆ ನೋಡ್ತಾನೇ ಇದೀಯ ಅಪ್ಪ." ಅವನು ಮಾಗಡಿ ರಸ್ತೆಯ ಟೈಲ್ಸ್ ಅಂಗಡಿಯೊಂದರಲ್ಲಿ ಮ್ಯಾನೇಜರು. ಅಪ್ಪನ ಸಾಮಾನಿನ ವಿಷಯ ಬಂದರೆ ಅವನ ಮಾತು ಯಾವಾಗಲೂ ಗಿಡ್ಡ.

ವಿಮಲಮ್ಮ ಮೊಮ್ಮಗಳು ಅನುವಿನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಅದಾದ ಮೇಲೆ ಮರಿಯಪ್ಪ ಖಾಲಿ ಮಾಡಲು ಕೈ ಹಾಕಿದ್ದು ನಿಜ. ಎರಡು ಮೀಟರು ಮಾರಿದ. ಒಂದು ಕಪಾಟು ಒರೆಸಿದ. ಆದರೆ ಒಂದು ಭಾನುವಾರ ಮಧ್ಯಾಹ್ನ ರಮ್ಯ ಬಟ್ಟೆ ಒಣಗಹಾಕುತ್ತಿದ್ದಾಗ ಬಾಗಿಲಲ್ಲಿ ಆಟೋ ನಿಂತಿತು. ಮರಿಯಪ್ಪ ಗೋಣಿಚೀಲದಲ್ಲಿ ಸುತ್ತಿದ್ದ ಏನನ್ನೋ ಇಳಿಸಿಕೊಳ್ಳುತ್ತಿದ್ದ. ಅವಳು ಒದ್ದೆ ಕೈಯಲ್ಲೇ ಇಳಿದು ಬಂದಳು.

"ಇದೇನ್ ಮಾವ?"

"ಏನಿಲ್ಲ ಕಣಮ್ಮ. ವಾಲ್ವ್ ಟೆಸ್ಟರು. ಇದು ಸಿಗಲ್ಲ ಈಗ. ಇದಿದ್ರೆ ಮಿಕ್ಕಿದ್ದನ್ನೆಲ್ಲ ಬೇಗ ಬೇಗ ಚೆಕ್ ಮಾಡಿ..."

"ಖಾಲಿ ಮಾಡಕ್ಕೆ ಇನ್ನೊಂದು ತಂದ್ರಾ?"

"ನೀನು ಹಂಗ್ ಕೇಳಿದ್ರೆ ಏನ್ ಹೇಳ್ಲಿ?"

"ಅತ್ತೆಗೆ ಹೇಳಿ, ನನಗಲ್ಲ." ಅವಳ ದನಿ ಬೀದಿಗೆ ಕೇಳುವಷ್ಟು ಏರಿತ್ತು. "ಐದಾರು ತಿಂಗಳಿಂದ ಅವರು ದೇವಸ್ಥಾನದ ಮೆಟ್ಟಿಲು ತುಳಿದಿಲ್ಲ. ಪಕ್ಕದ ಮನೆ ಮಗು ನಾಮಕರಣಕ್ಕೆ ಹೋಗಲಿಲ್ಲ. ನಿಮ್ಮ ಡಬ್ಬಗಳು ಮಾತ್ರ ನೆಲದ ಮೇಲೆ ಆರಾಮಾಗಿವೆ."

ಮೇಲಿನಿಂದ ವಿಮಲಮ್ಮ ಬಗ್ಗಿ ನೋಡಿದಳು. "ಬಿಡು ರಮ್ಯ, ಬೀದಿ ಜನ ನೋಡ್ತಾರೆ. ನಾನು ಇಲ್ಲೇ ಇರ್ತೀನಿ. ನನಗೇನಾಗಿದೆ?"

ಗಣೇಶನ ಹಬ್ಬದ ಹಿಂದಿನ ವಾರ ಒಂದು ಬೆಳಿಗ್ಗೆ ಮಧು ಅಂಗಡಿಗೆ, ರಮ್ಯ ಕೆಲಸಕ್ಕೆ, ಅನು ಸ್ಕೂಲಿಗೆ ಹೋಗಿದ್ದರು. ವಿಮಲಮ್ಮ ಹೊಲಿಗೆಯ ಟೇಪು ಹುಡುಕಿ ತನ್ನ ಮಂಚವನ್ನು ಅಳೆದಳು. ಕೆಳಗಿನ ರೂಮಿನಲ್ಲಿ ಅದು ಯಾವ ಗೋಡೆಗೆ ಹಿಡಿಸುತ್ತದೆ ಎಂದು ತಾನೇ ಕಣ್ಣಾರೆ ನೋಡಬೇಕು ಎನ್ನಿಸಿತ್ತು. ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ತಿರುವಿನಲ್ಲಿ ಕಂಬಿ ಮುಗಿದು ಗೋಡೆ ಬರುತ್ತದೆ. ಅಲ್ಲಿ ಕಾಲು ಜಾರಿತು.

ಬಿದ್ದ ಸದ್ದು ಅವಳಿಗೇ ಕೇಳಿಸಲಿಲ್ಲ. ಸೊಂಟದಲ್ಲಿ ಏನೋ ಮುರಿದಂತಾಗಿ ಉಸಿರು ನಿಂತಿತು. ಕೆಳಗಿನ ರೂಮಿನ ಬಾಗಿಲು ಮುಚ್ಚಿತ್ತು. ಒಳಗೆ ಮರಿಯಪ್ಪ ಯಾವುದೋ ವಾಲ್ವ್ ರೇಡಿಯೋ ಓಡಿಸಿ ನೋಡುತ್ತಿದ್ದ. ಹಾಡು ಜೋರಾಗಿ ಬರುತ್ತಿತ್ತು.

"ರೀ" ಎಂದು ಕೂಗಿದಳು.

ಹಾಡು ಸಣ್ಣಗಾಯಿತು. ಕೇಳಿಸಿತು, ಬರುತ್ತಾರೆ ಎಂದುಕೊಂಡಳು. ಇನ್ನೊಮ್ಮೆ ಕೂಗಲು ಉಸಿರು ಎಳೆದುಕೊಳ್ಳುತ್ತಿದ್ದಾಗ ಹಾಡು ಮತ್ತೆ ಜೋರಾಯಿತು. ಆಮೇಲೆ ಎಷ್ಟು ಕೂಗಿದರೂ ಅದು ಇಳಿಯಲಿಲ್ಲ.

ಅವಳನ್ನು ಕಂಡವಳು ಸೊಪ್ಪಿನ ದಾನಮ್ಮ. ಮೇಲಿನಿಂದ ಬುಟ್ಟಿ ಬರಲಿಲ್ಲವೆಂದು ಗೇಟು ತೆಗೆದು ಒಳಗೆ ಬಂದಿದ್ದಳು. ನರಳುವುದು ಕೇಳಿ ಓಡಿಹೋಗಿ ರೂಮಿನ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದಳು. "ಅಣ್ಣೋ, ಬಾಗ್ಲು ತೆಗೀ! ಅಕ್ಕ ಬಿದ್ದವ್ಳೆ!"

ಮಾಗಡಿ ರಸ್ತೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಸೊಂಟದ ಕೀಲಿನ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು ಎಂದರು. ಮಧು ಅಂಗಡಿಯಿಂದ ಓಡಿ ಬಂದಿದ್ದ. ಅಮ್ಮನ ಸ್ಟ್ರೆಚರ್ ಪಕ್ಕದಲ್ಲೇ ಅಪ್ಪನನ್ನು ಕೇಳಿದ.

"ಅಲ್ಲೇ ಇದ್ಯಲ್ಲಪ್ಪ. ಕೂಗಿದ್ದು ಕೇಳಿಸಲಿಲ್ವಾ?"

ಮರಿಯಪ್ಪ ಕೈ ಒರೆಸಿಕೊಂಡ. ಬೆರಳಲ್ಲಿ ಇನ್ನೂ ಬೆಸುಗೆಯ ಮಸಿ ಇತ್ತು. "ಇಲ್ಲ ಕಣೋ. ರೇಡಿಯೋ ಜೋರಾಗಿತ್ತು."

ವಿಮಲಮ್ಮ ಕಣ್ಣು ತೆರೆದೇ ಇದ್ದಳು. ಗಂಡನನ್ನು ಒಮ್ಮೆ ನೋಡಿ ಮುಖ ಗೋಡೆಯ ಕಡೆ ತಿರುಗಿಸಿದಳು. ನೋವಿಗೆ ಎಂದುಕೊಂಡರು ಎಲ್ಲರೂ.

ಆಪರೇಷನ್ ಚೆನ್ನಾಗಿ ಆಯಿತು. ರಮ್ಯ ರಜೆ ಹಾಕಿ ಆಸ್ಪತ್ರೆಯಲ್ಲಿ ಉಳಿದಳು. ಮಾರನೆಯ ದಿನ ಮಧು ಅಮ್ಮನ ಬಟ್ಟೆ ತರಲು ಮನೆಗೆ ಬಂದಾಗ ಬಾಗಿಲಲ್ಲಿ ಗೂಡ್ಸ್ ಆಟೋ ನಿಂತಿತ್ತು. ಮೂಡಲಪಾಳ್ಯದ ಗುಜರಿ ಈರಪ್ಪ ತಕ್ಕಡಿ ತೂಗುಹಾಕಿ ಒಂದೊಂದೇ ತೂಗುತ್ತಿದ್ದ. ಮರಿಯಪ್ಪ ಒಳಗಿನಿಂದ ಹೊತ್ತು ತಂದು ಕೊಡುತ್ತಿದ್ದ. ಹಿಂದೆಲ್ಲ ಎದೆಗೆ ಅವುಚಿ ತರುತ್ತಿದ್ದವನು ಈಗ ದಡ್ ಎಂದು ನೆಲಕ್ಕೆ ಬಿಡುತ್ತಿದ್ದ. ಒಂದು ಮೀಟರಿನ ಗಾಜು ಆಗಲೇ ಒಡೆದಿತ್ತು.

"ಸಾರ್, ಒಳಗಿನ ತಾಮ್ರ ಬಿಡಿಸಿ ಕೊಟ್ರೆ ಬೇರೆ ರೇಟು" ಎನ್ನುತ್ತಿದ್ದ ಈರಪ್ಪ.

"ರೇಟು ಕೇಳಿದ್ನೇನಯ್ಯ ನಿನ್ನ? ತಗೊಂಡ್ ಹೋಗು ಎಲ್ಲಾನೂ."

ಮಧು ಬೈಕು ನಿಲ್ಲಿಸಿ ಒಂದು ನಿಮಿಷ ನೋಡಿದ. ಆಮೇಲೆ ಹೇಳಿದ, "ಇಳಿಸು ಈರಪ್ಪ."

ಮರಿಯಪ್ಪ ತಿರುಗಿದ. "ಹುಟ್ಟಿದಾಗಿಂದ ಇದನ್ನ ಹೊರಗೆ ಹಾಕು ಅಂತಿದ್ದೋನು ನೀನು. ಈಗ ಹಾಕ್ತಿದೀನಿ. ಇನ್ನೇನು?"

"ಹಿಂಗಾ ಹಾಕೋದು? ಕಬ್ಬಿಣದ ತೂಕಕ್ಕಾ?"

"ನನಗೆ ಬೇಡ ಕಣೋ ಇವು. ಕಣ್ಣೆದುರು ಬೇಡ."

"ನಿನಗೆ ಬೇಡ. ನಮಗೆ?" ಎಂದ ಮಧು. "ಸ್ಕೂಲ್ ಟೂರಿಗೆ ಕಳಿಸ್ಲಿಲ್ಲ ನನ್ನ, ಆ ದೊಡ್ಡ ಸ್ಕೋಪ್ ಬಂತು ಮನೆಗೆ. ಅಮ್ಮ ಎರಡು ಗೌರಿ ಹಬ್ಬ ಹಳೇ ಸೀರೇಲಿ ಮಾಡಿದ್ಲು, ಆ ಕಪಾಟಿನ ತುಂಬ ವಾಲ್ವ್ ಬಂತು. ಬೆಲೆ ಇದೆ, ಬೆಲೆ ಇದೆ ಅಂತ ನೀನು ಹೇಳ್ತಾ ಇದ್ದೆ, ನಾವು ಕೇಳ್ತಾ ಇದ್ವಿ. ತೂಕಕ್ಕೆ ಹಾಕೋಕಾ ಅಪ್ಪ ನಾವೆಲ್ಲ ಹಂಗೆ ಬದುಕಿದ್ದು?"

ಈರಪ್ಪ ತಕ್ಕಡಿ ಬಿಚ್ಚಿ ಮಡಿಚಿಕೊಂಡ. "ನೀವು ಮಾತಾಡ್ಕೊಳ್ಳಿ ಸಾರ್. ಆಮೇಲೆ ಫೋನ್ ಹಾಕಿ" ಎಂದು ಆಟೋ ತಿರುಗಿಸಿದ.

ವಿಷಯ ತಿಳಿದು ರಮ್ಯ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಯಾರಿಗ್ ಕೊಡ್ತೀರೋ, ಹೆಂಗ್ ಕೊಡ್ತೀರೋ ನನಗೆ ಬೇಡ. ಅತ್ತೆ ಮನೆಗೆ ಬರೋ ಹೊತ್ತಿಗೆ ರೂಮು ಖಾಲಿ ಇರಬೇಕು. ಸುಣ್ಣ ಹೊಡೆದಿರಬೇಕು."

ಮಾರುವುದು, ಗುಜರಿಗೆ ಹಾಕುವುದು ಎಂದು ಅಪ್ಪ ಮಗ ಸಾಮಾನು ವಿಂಗಡಿಸತೊಡಗಿದರು. ಇಬ್ಬರೂ ಒಟ್ಟಿಗೆ ಕೂತು ಒಂದು ಕೆಲಸ ಮಾಡಿದ್ದು ಅದೇ ಮೊದಲು. ಮಧು ಅಂಗಡಿಯಿಂದ ಬೇಗ ಬರುತ್ತಿದ್ದ. ಅನು ಅನ್ನಕ್ಕಿಟ್ಟು, ರಾತ್ರಿಗೆ ಚಿತ್ರಾನ್ನವೋ ಉಪ್ಪಿಟ್ಟೋ ಮಾಡುತ್ತಿದ್ದಳು. ಉಪ್ಪು ಹೆಚ್ಚಾದರೂ ಯಾರೂ ಹೇಳುತ್ತಿರಲಿಲ್ಲ. ಅವಳೇ ಸಾಮಾನಿನ ಫೋಟೋ ತೆಗೆದು ಹಳೆಯ ರೇಡಿಯೋ ರಿಪೇರಿ ಮಾಡುವವರ ಗುಂಪೊಂದಕ್ಕೆ ಕಳಿಸಿದಳು. ಅದನ್ನು ನೋಡಿ ರಾಜಾಜಿನಗರದಿಂದ ಸಿದ್ಧಾರ್ಥ ಎಂಬುವನು ಬಂದ. ಮೂವತ್ತರ ಆಸುಪಾಸಿನವನು. ವಾಲ್ವ್ ಆಂಪ್ಲಿಫೈಯರುಗಳನ್ನು ಮತ್ತೆ ಜೋಡಿಸಿ ಮಾರುವುದು ಅವನ ಕೆಲಸ.

ಮರಿಯಪ್ಪ ಮೊದಲು ತೋರಿಸಿದ್ದು ದೊಡ್ಡ ಆಸಿಲೋಸ್ಕೋಪು. ಕಾರ್ಖಾನೆಯಲ್ಲಿ ಅವನ ಮೇಜಿನ ಮೇಲಿದ್ದದ್ದು. ಬಟ್ಟೆ ಸರಿಸಿ ಸ್ವಿಚ್ ಹಾಕಿದ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹಸಿರು ಗೆರೆ ಮೂಡಿ ನಿಂತಿತು, ಅಲುಗಾಡದೆ.

"ಇದಕ್ಕೆ ಏನ್ ಕೊಡ್ತೀರಪ್ಪ?"

ಸಿದ್ಧಾರ್ಥ ಬಗ್ಗಿ ಗೆರೆ ನೋಡಿದ. "ಚೆನ್ನಾಗಿ ಇಟ್ಟಿದೀರ ಅಂಕಲ್. ಆದ್ರೆ ಇದನ್ನ ಯಾರೂ ತಗೊಳ್ಳಲ್ಲ. ಇಬ್ಬರು ಎತ್ತಬೇಕು. ಇದೇ ಕೆಲಸ ಮಾಡೋದು ಈಗ ಅಂಗೈ ಅಗಲ ಬಂದಿದೆ."

"ಏನೂ ಇಲ್ವಾ?"

"ಸುಳ್ಳು ಹೇಳಬಾರ್ದು. ಏನೂ ಇಲ್ಲ."

ಮರಿಯಪ್ಪ ಸ್ವಿಚ್ ಆರಿಸಿದ. ಗೆರೆ ಚುಕ್ಕೆಯಾಗಿ, ಚುಕ್ಕೆಯೂ ಆರಿತು. ಮಧುವಿಗೆ ಅಪ್ಪನ ಮುಖ ನೋಡಲಾಗಲಿಲ್ಲ.

ಈರಪ್ಪನಿಗೆಂದು ಮೂಲೆಗೆ ತಳ್ಳಿದ್ದ ರಾಶಿಯ ಮುಂದೆ ಸಿದ್ಧಾರ್ಥ ಕುಕ್ಕರುಗಾಲಲ್ಲಿ ಕೂತ. ಕೆಟ್ಟುಹೋದ ಒಂದು ಕೌಂಟರನ್ನು, ಎಣಿಸುವ ಯಂತ್ರವನ್ನು, ಹೊರಗೆಳೆದ. ಅದರ ಮುಖದಲ್ಲಿ ಸಾಲಾಗಿ ಗಾಜಿನ ಬುರುಡೆಗಳು. ಕರೆಂಟು ಕೊಟ್ಟರೆ ಒಳಗೆ ಕಿತ್ತಳೆ ಬಣ್ಣದ ಅಂಕಿ ಉರಿಯುವಂಥವು.

"ಇದನ್ನ ಯಾಕೆ ಇಲ್ಲಿ ಹಾಕಿದೀರ?"

"ಅದು ಎಣಿಸಲ್ಲಪ್ಪ. ಕೆಟ್ಟೋಗಿದೆ."

"ಎಣಿಸೋದು ಬೇಡ ಅಂಕಲ್. ಈ ಬುರುಡೆ ಬೇಕು. ಇದರಲ್ಲಿ ಗಡಿಯಾರ ಮಾಡ್ತಾರೆ, ಜನ ಮುಗಿಬಿದ್ದು ತಗೊಳ್ತಾರೆ. ಇಂಥದ್ದು ಇನ್ನೂ ಇದೆಯಾ?"

"ಗಡಿಯಾರನಾ?" ಎಂದ ಮರಿಯಪ್ಪ. ಜೀವಮಾನವೆಲ್ಲ ಬೆಲೆ ಕಟ್ಟಿದವನಿಗೆ ಅವತ್ತು ಬೆಲೆ ತಲೆಕೆಳಗಾಗಿ ಕಂಡಿತು. ಕಾಪಾಡಿದ್ದು ಗುಜರಿಗೆ ಹೋಯಿತು, ಗುಜರಿಗೆ ಇಟ್ಟದ್ದು ಮಾರಾಟವಾಯಿತು.

ವಾಲ್ವುಗಳ ವಿಷಯದಲ್ಲಿ ಮಾತ್ರ ಅವನು ಹಟ ಹಿಡಿದ. ಸಿದ್ಧಾರ್ಥ ಡಬ್ಬಿಗಳನ್ನು ಹಾಗೇ ಒಯ್ಯಲು ತಯಾರಿದ್ದ. ಮರಿಯಪ್ಪ ಕೊಡಲಿಲ್ಲ. ಎರಡು ದಿನ ಬಿಟ್ಟು ಬನ್ನಿ ಎಂದು ಕಳಿಸಿ, ರಮ್ಯ ಜಗಳವಾಡಿದ್ದ ಆ ಟೆಸ್ಟರಿನ ಮುಂದೆ ಕೂತ. ಒಂದೊಂದೇ ವಾಲ್ವನ್ನು ಸಿಕ್ಕಿಸುವುದು, ಬಿಸಿಯಾಗಲು ಬಿಡುವುದು, ಮುಳ್ಳು ಹಸಿರಿಗೆ ಬಂತೋ ಕೆಂಪಿನಲ್ಲೇ ನಿಂತಿತೋ ನೋಡುವುದು. ಮಧು ಎತ್ತಿ ಕೊಡುತ್ತಿದ್ದ, ತೆಗೆದಿಡುತ್ತಿದ್ದ. ಕೆಂಪಿನವು ಬೇರೆ ಡಬ್ಬಿಗೆ. ಆ ಡಬ್ಬಿಯೇ ಬೇಗ ತುಂಬುತ್ತಿತ್ತು.

"ಅಪ್ಪ, ಅವರು ಟೆಸ್ಟ್ ಕೇಳ್ಲೇ ಇಲ್ವಲ್ಲ. ಎಲ್ಲಾನೂ ತಗೊಳ್ತಿದ್ರು."

"ಕೇಳಲಿಲ್ಲ ಅಂತ ಹೇಳದೆ ಇರಕ್ಕಾಗುತ್ತೇನೋ?"

ಹಾಗೆಂದವನ ಕೈ ನಿಂತಿತು. ಮುಳ್ಳು ಹಸಿರಿಗೆ ಬಂದು ಎಷ್ಟೋ ಹೊತ್ತಾಗಿದ್ದರೂ ವಾಲ್ವ್ ತೆಗೆಯಲಿಲ್ಲ. ಮಧು ಮುಂದಿನದನ್ನು ಹಿಡಿದು ಕಾದ. ಅಪ್ಪನಿಗೆ ದಣಿವಾಗಿರಬೇಕು ಎಂದು ಅನುವಿಗೆ ಕಾಫಿ ಮಾಡಲು ಹೇಳಿದ.

ವಿಮಲಮ್ಮ ಮನೆಗೆ ಬಂದ ದಿನ ರೂಮಿನಲ್ಲಿ ಸುಣ್ಣದ ವಾಸನೆ ಇನ್ನೂ ಹಸಿಯಾಗಿತ್ತು. ಮಂಚ ಕಿಟಕಿಯ ಪಕ್ಕದಲ್ಲಿತ್ತು. ಮಾರಿ ಬಂದ ದುಡ್ಡಿನಲ್ಲಿ ಮಧು ಬಚ್ಚಲಿಗೆ ಹಿಡಿಕೆಯ ಕಂಬಿ ಹಾಕಿಸಿದ್ದ, ಜಾರದ ಟೈಲ್ಸ್ ಕೂರಿಸಿದ್ದ. ಒಂದು ಕಪಾಟಿನಷ್ಟಾದರೂ ಇಟ್ಟುಕೊಳ್ಳಿ ಮಾವ ಎಂದು ರಮ್ಯಳೇ ಹೇಳಿದ್ದಳು. ಮರಿಯಪ್ಪ ಒಪ್ಪಿರಲಿಲ್ಲ. ಟೆಸ್ಟರನ್ನೂ ಸಿದ್ಧಾರ್ಥನಿಗೇ ಕೊಟ್ಟುಬಿಟ್ಟಿದ್ದ.

ವಾಕರ್ ಹಿಡಿದು ಒಳಗೆ ಬಂದ ವಿಮಲಮ್ಮ ನಾಲ್ಕೂ ಗೋಡೆ ನೋಡಿದಳು. "ಇಷ್ಟು ದೊಡ್ಡದಿತ್ತಾ ಇದು?" ಎಂದಳು ಸೊಸೆಗೆ.

ಗಂಡನ ಜೊತೆ ಮಾತಾಡಲಿಲ್ಲ. ದಿನಗಳು ಹೋದರೂ ಆಡಲಿಲ್ಲ. "ಅನು, ತಾತಂಗೆ ನೀರು ಬೇಕೇನೋ ಕೇಳು" ಎನ್ನುತ್ತಿದ್ದಳು, ಅವನು ಎದುರಿಗೇ ಕೂತಿದ್ದರೂ. ನೋಡಲು ಬಂದ ಬೀದಿಯ ಹೆಂಗಸರೊಡನೆ ನಗುನಗುತ್ತ ಮಾತಾಡುತ್ತಿದ್ದಳು. ದಾನಮ್ಮ ಬುಟ್ಟಿ ಇಳಿಸಿ ಹೊಸಿಲ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಮರಿಯಪ್ಪ ಬಂದರೆ ವಿಮಲಮ್ಮನ ಮಾತು ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದರು. ಡಾಕ್ಟರು ಹೇಳಿದಂತೆ ಅವಳನ್ನು ನಡೆಸುವುದು ಮರಿಯಪ್ಪನ ಕೆಲಸವಾಗಿತ್ತು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಬಾಗಿಲ ಹತ್ತಿರ ಅವಳು ನಿಂತಳು. ಅಲ್ಲಿಂದ ಮೆಟ್ಟಿಲಿನ ತಿರುವು ಕಾಣುತ್ತಿತ್ತು.

"ಇಷ್ಟೇ ದೂರ ಇತ್ತು" ಎಂದಳು.

ಮರಿಯಪ್ಪನೂ ತಿರುವಿನ ಕಡೆ ನೋಡಿದ.

"ನಾನು ಕೂಗಿದೆ. ಹಾಡು ಸಣ್ಣಗಾಯ್ತು. ಬರ್ತಾರೆ ಅಂದ್ಕೊಂಡೆ. ಮತ್ತೆ ಜೋರಾಯ್ತು."

ಅವನ ಕೈ ವಾಕರಿನ ಮೇಲಿತ್ತು. ಅದನ್ನು ತೆಗೆಯದೆ ಹೇಳಿದ, "ಏನೋ ಕೆಲಸಕ್ಕೆ ಕರೀತಿದೀಯ ಅಂದ್ಕೊಂಡೆ ಕಣೇ. ಇನ್ನೊಂದು ಸಲ ಕೂಗಿದ್ರೆ ಹೋಗಣ ಅಂತ ಕಾದೆ. ಕೂಗಲಿಲ್ಲ. ಆಮೇಲೆ ರೇಡಿಯೋ ಕಡೆ ಗಮನ ಹೋಯ್ತು."

"ಉಸಿರು ಎಳ್ಕೋತಿದ್ದೆ."

"ಹೂಂ."

"ಆಸ್ಪತ್ರೇಲಿ ಮಗನಿಗೆ ಇಲ್ಲ ಅಂದ್ರಿ."

"ಹೂಂ."

"ಮೂಳೆ ಮುರಿದಿದ್ದಕ್ಕಲ್ಲ ನನಗೆ. ನಾನೇ ಇಳಿಯಕ್ಕೆ ಹೋದೆ, ಮುರೀತು. ಕೇಳಿಸಿಯೂ ಕೇಳಿಸಲಿಲ್ಲ ಅಂದ್ರಲ್ಲ, ಅದಕ್ಕೆ." ಅವಳ ದನಿ ಏರಲಿಲ್ಲ. "ನೀವೇ ಹೇಳಿ ಅವರಿಗೆ. ನಾನು ಹೇಳಲ್ಲ."

ಅವಳು ಕೆಳಗೆ ಬಂದಾಗಿನಿಂದ ಸಂಜೆಯ ಊಟ ಎಲ್ಲರಿಗೂ ಆ ರೂಮಿನಲ್ಲೇ. ರಮ್ಯ ಪಾತ್ರೆಗಳನ್ನು ಇಳಿಸಿಕೊಂಡು ಬರುತ್ತಿದ್ದಳು. ಅವತ್ತು ಹುರುಳಿಕಾಳಿನ ಸಾರು, ಮುದ್ದೆ. ವಿಮಲಮ್ಮ ಮಂಚದ ಮೇಲೆ, ಮಿಕ್ಕವರು ನೆಲದ ಮೇಲೆ. ಮರಿಯಪ್ಪ ಮುದ್ದೆ ಮುರಿಯದೆ ಕೂತಿದ್ದ.

"ಮಧು. ಅವತ್ತು ನಿಮ್ಮಮ್ಮ ಕೂಗಿದ್ದು ನನಗೆ ಕೇಳಿಸ್ತು."

ಮಧು ತುತ್ತು ಹಿಡಿದ ಕೈ ಇಳಿಸಿದ.

"ರೇಡಿಯೋ ಸಣ್ಣ ಮಾಡಿ ಕೇಳ್ದೆ. ಏಳಲಿಲ್ಲ ನಾನು. ಎದ್ದು ಬಾಗಿಲು ತೆಗೆದು ನೋಡಬಹುದಿತ್ತು. ಏಳಲಿಲ್ಲ."

"ತಾತ" ಎಂದಳು ಅನು.

ಮಧು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಆಸ್ಪತ್ರೇಲಿ ನಾನು ಕೇಳ್ದಾಗ..."

"ಸುಳ್ಳು ಹೇಳ್ದೆ."

ಮಧು ಎದ್ದು ಕೈ ತೊಳೆದು, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದ. ಮೇಲೆ ಬಾಗಿಲು ಹಾಕಿದ ಸದ್ದು ಕೇಳಿಸಿತು. ರಮ್ಯ ಅತ್ತೆಯ ಮುಖ ನೋಡಿದಳು. ಇವರಿಗೆ ಮೊದಲೇ ಗೊತ್ತಿತ್ತು ಎಂದು ಅವಳಿಗೆ ಆಗ ಹೊಳೆಯಿತು.

"ಅವನ ತಟ್ಟೆ ಮುಚ್ಚಿಡಮ್ಮ" ಎಂದಳು ವಿಮಲಮ್ಮ. "ಆಮೇಲೆ ಮೇಲೆ ತಗೊಂಡ್ ಹೋಗಿ ಕೊಡು. ಹಸಿವು ತಡ್ಕೊಳ್ಳಲ್ಲ ಅವನು. ನಿಮ್ಮ ಮಾವಂಗೆ ಸಾರು ಹಾಕು."

ಊಟವಾಯಿತು. ರಮ್ಯ, ಅನು ಪಾತ್ರೆ ಎತ್ತಿಕೊಂಡು ಹೋದರು. ಮರಿಯಪ್ಪ ನೆಲ ಒರೆಸಿ, ಹೆಂಡತಿಗೆ ಮಾತ್ರೆ, ನೀರು ಕೊಟ್ಟು, ದಿನದಂತೆ ಮೇಲೆ ಮಲಗಲು ಹೊರಟ. ಇಷ್ಟು ದಿನ ಅವಳ ಜೊತೆ ಮಲಗುತ್ತಿದ್ದವಳು ಅನು.

"ಎಲ್ಲಿಗೆ?" ಎಂದಳು ವಿಮಲಮ್ಮ.

ಅವನು ಬಾಗಿಲಲ್ಲಿ ನಿಂತ. ಆಸ್ಪತ್ರೆಯಿಂದ ಬಂದ ಮೇಲೆ ಅವನನ್ನೇ ನೋಡಿ ಅವಳು ಎಷ್ಟು ಮಾತಾಡಿದ್ದಳೋ, ಎಲ್ಲ ಅವತ್ತಿನದೇ.

"ಮೇಲೆ. ಮಲಗಕ್ಕೆ."

"ಮೇಲಿದ್ರೆ ನಾನು ಕೂಗಿದ್ದು ಕೇಳಿಸುತ್ತಾ?"

ಅವನು ಹೊಸಿಲಿನಿಂದ ಕಾಲು ಹಿಂದೆ ತೆಗೆದ.

"ಅನೂಗೆ ನಾಳೆ ಪರೀಕ್ಷೆ, ಅವಳು ಮೇಲೆ ಓದ್ಕೊಳ್ಳಲಿ. ಚಾಪೆ ಇಲ್ಲೇ ಹಾಸ್ಕೊಳ್ಳಿ."

ಮರಿಯಪ್ಪ ಚಾಪೆ ತಂದು ಮಂಚದ ಬುಡದಲ್ಲೇ ಬಿಡಿಸಿದ. ದೀಪ ಆರಿಸಿ, ಗೋಡೆ ತಡವಿಕೊಂಡು ಬಂದು ಮಲಗಿದ.

"ರೀ" ಎಂದಳು ವಿಮಲಮ್ಮ.

ಅವನು ಎದ್ದು ಕೂತ. "ಏನೇ? ಏನ್ ಬೇಕು?"

"ಏನಿಲ್ಲ. ಮಲಗಿ."